ಮೀಟಿಂಗಿನಲ್ಲಿ ಮಾತು ಕಟ್ಟಿಹೋಗುತ್ತದಾ? ಮೊದಲು ಕಿವಿಗೆ ಕೆಲಸ ಕೊಡಿ

ಪ್ರಶ್ನೆ: ನಾನು ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ಮನೆ ಕೂಳೂರು. ಈ ವರ್ಷ ಟೀಮ್ ಲೀಡ್ ಆದೆ. ಬರೆದುಕೊಂಡು ಹೋದದ್ದನ್ನು ಹೇಗೋ ಹೇಳಿ ಮುಗಿಸುತ್ತೇನೆ. ಮಧ್ಯದಲ್ಲಿ ಯಾರಾದರೂ ಏನಾದರೂ ಕೇಳಿದರೆ ಮಾತ್ರ ತಲೆ ಪೂರ್ತಿ ಖಾಲಿ. ಕ್ಲೈಂಟ್ ಕಾಲ್‌ಗಳಲ್ಲಿ ಹೀಗೆ ಆಗುತ್ತಲೇ ಇದೆ. ಡಿಸೆಂಬರ್‌ನಲ್ಲಿ ಇಡೀ ಆಫೀಸಿನ ಎದುರು ನಮ್ಮ ಪ್ರಾಜೆಕ್ಟ್ ಬಗ್ಗೆ ಮಾತಾಡಬೇಕು. ಈಗ ಎಚ್‌ಆರ್‌ನವರು ಎರಡು ದಿನದ ಇಂಪ್ರೊವ್ ಕಾಮಿಡಿ ಶಿಬಿರ ಇಟ್ಟಿದ್ದಾರೆ, ಅಂದರೆ ಬರೆದಿಟ್ಟ ಮಾತಿಲ್ಲದೆ ಅಲ್ಲಲ್ಲೇ ಕಟ್ಟಿ ಆಡುವ ನಾಟಕದ ಆಟಗಳಂತೆ. ನಾನು ಜೋಕ್ ಹೇಳುವ ಜನ ಅಲ್ಲ. ಅಲ್ಲಿ ಮಂಗನ ಹಾಗೆ ಕುಣಿಸಿದರೆ ಎಂಥ ಮಾಡುವುದು? ನಿಜವಾಗಿ ಉಪಯೋಗ ಉಂಟಾ? ಮನೆಯಲ್ಲಿ ತುಳು, ಆಫೀಸಿನಲ್ಲಿ ಇಂಗ್ಲಿಷ್. ಅದೂ ಒಂದು ಕಾರಣ ಇರಬಹುದಾ?

ಉತ್ತರ: ಉಪಯೋಗ ಉಂಟು, ಹೋಗಿ. ಜೋಕ್ ಹೇಳಲು ಬರುವುದಿಲ್ಲ ಅನ್ನುವುದು ಅಲ್ಲಿ ಕೊರತೆಯೇ ಅಲ್ಲ. ನಮ್ಮ ಶಿಬಿರಗಳಲ್ಲಿ ಮೊದಲ ದಿನ ಜಾಸ್ತಿ ಕಷ್ಟಪಡುವವರು ಆಫೀಸಿನ ತಮಾಷೆಗಾರರೇ. ಅವರ ಜೇಬಿನಲ್ಲಿ ಜೋಕ್ ರೆಡಿ ಇರುತ್ತದೆ, ಅದನ್ನು ಎಲ್ಲಿ ತುರುಕಲಿ ಅಂತ ಕಾಯುತ್ತಿರುತ್ತಾರೆ, ಅಷ್ಟರಲ್ಲಿ ಎದುರಿನವರು ಹೇಳಿದ್ದು ಕಿವಿಗೆ ಬಿದ್ದೇ ಇರುವುದಿಲ್ಲ. ಸುಮ್ಮನಿರುವವರು ಎರಡನೇ ಆಟಕ್ಕೇ ಹೊಂದಿಕೊಳ್ಳುತ್ತಾರೆ.

ಈ ಆಟಗಳನ್ನು ಶುರು ಮಾಡಿದ್ದು ಹಾಸ್ಯಗಾರರಿಗಾಗಿ ಅಲ್ಲವೇ ಅಲ್ಲ. ಶಿಕಾಗೊದಲ್ಲಿ ವಯೋಲಾ ಸ್ಪೋಲಿನ್ ಅಂತ ಒಬ್ಬರು ಇದ್ದರು. 1930ರ ದಶಕದ ಕೊನೆಗೆ ಅವರು ಸರಕಾರಿ ಯೋಜನೆಯೊಂದರಲ್ಲಿ ವಲಸೆ ಬಂದವರ ಮಕ್ಕಳಿಗೆ, ಕೇರಿಯ ಜನರಿಗೆ ನಾಟಕ ಕಲಿಸುತ್ತಿದ್ದರು. ಮನೆಮನೆಗೆ ಒಂದೊಂದು ಭಾಷೆ, ನಟನೆ ಅಂದರೆ ಏನು ಅಂತಲೂ ಗೊತ್ತಿಲ್ಲ. ಪಾಠ ಮಾಡಿದರೆ ನಡೆಯುವುದಿಲ್ಲ ಅಂತ ಅವರು ಆಟ ಕಟ್ಟಿದರು. ಅವರ ಮಗ ಪಾಲ್ ಸಿಲ್ಸ್ ಮತ್ತು ಗೆಳೆಯರು 1959ರಲ್ಲಿ ಅದೇ ಊರಿನಲ್ಲಿ ಸೆಕೆಂಡ್ ಸಿಟಿ ಅನ್ನುವ ರಂಗತಂಡ ಶುರು ಮಾಡಿದರು, ಕಾಮಿಡಿ ಅನ್ನುವ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಆಮೇಲೆ. ಈಗ ಆ ತಂಡದವರೇ ಕಂಪನಿಗಳಿಗೂ ತರಬೇತಿ ಕೊಡುತ್ತಾರೆ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ನಟ ಅಲನ್ ಆಲ್ಡಾ ಅವರ ಪ್ರಯತ್ನದಿಂದ 2009ರಲ್ಲಿ ಒಂದು ಕೇಂದ್ರ ಶುರುವಾಯಿತು. ಅಲ್ಲಿ ವಿಜ್ಞಾನಿಗಳಿಗೆ ಇವೇ ಆಟ ಆಡಿಸುತ್ತಾರೆ, ತಮ್ಮ ಕೆಲಸವನ್ನು ಮಾಮೂಲಿ ಜನರಿಗೆ ಅರ್ಥವಾಗುವ ಹಾಗೆ ಹೇಳಲಿ ಅಂತ. ವಿಜ್ಞಾನಿಗಳನ್ನೇ ಆಡಿಸಿದ್ದಾರೆ, ಕೋಡ್ ಬರೆಯುವವರನ್ನು ಬಿಡುತ್ತಾರಾ.

ಇರಲಿ, ನೀವು ಶಿಕಾಗೊ ತನಕ ಹೋಗಬೇಕಾಗಿಲ್ಲ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಆಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರ್ತಿ ನಮ್ಮ ಊರುಗಳಲ್ಲಿ ತಾಳಮದ್ದಳೆ ನಡೆಯುತ್ತದಲ್ಲ, ಅದಕ್ಕೆ ಹೋಗಿದ್ದೀರಾ? ವೇಷ ಇಲ್ಲ, ಕುಣಿತ ಇಲ್ಲ. ಪಾತ್ರದ ಮಾತು ಆಡುವ ಅರ್ಥಧಾರಿಗಳು ಪಂಚೆ, ಶಲ್ಯದಲ್ಲಿ ಎದುರುಬದುರು ಕೂರುತ್ತಾರೆ, ನಡುವೆ ಹಾಡುವ ಭಾಗವತರು, ಮದ್ದಳೆ, ಚೆಂಡೆ. ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಭಾಗವತರು ಪದ್ಯ ಹೇಳಿ ನಿಲ್ಲಿಸಿದರೆ ಮುಂದಿನ ಮಾತು ಅರ್ಥಧಾರಿಯದ್ದು, ಅಲ್ಲೇ ಹುಟ್ಟಬೇಕು. ಎದುರಿನವರು ಏನು ಕೇಳುತ್ತಾರೆ ಅಂತ ಯಾರೂ ಮೊದಲೇ ಬರೆದು ಕೊಟ್ಟಿರುವುದಿಲ್ಲ. ನಿಮ್ಮ ಕ್ಲೈಂಟ್ ಕಾಲ್ ಕೂಡ ಇಷ್ಟೇ ಅಲ್ವಾ? ಅಜೆಂಡಾ ಇದೆ, ಉಳಿದದ್ದು ಅಲ್ಲೇ ಹುಟ್ಟಬೇಕು.

ವಾಲಿಯ ಪ್ರಸಂಗ ತೆಗೆದುಕೊಳ್ಳಿ. ಎದೆಗೆ ಬಾಣ ನೆಟ್ಟು ಬಿದ್ದಿರುವ ವಾಲಿ ರಾಮನನ್ನು ಕೇಳುತ್ತಾನೆ: ನಾನು ನಿನಗೆ ಏನು ಅನ್ಯಾಯ ಮಾಡಿದ್ದೆ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನಿಗೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಇದಕ್ಕಿಂತ ಕಷ್ಟದ ಪ್ರಶ್ನೆ ನಿಮ್ಮ ಯಾವ ಕ್ಲೈಂಟೂ ಕೇಳಲಿಕ್ಕಿಲ್ಲ. ಇಲ್ಲಿ ರಾಮನ ಅರ್ಥ ಹೇಳುವ ಹೊಸಬರು ಏನು ಮಾಡುತ್ತಾರೆ ಗೊತ್ತಾ? ಧರ್ಮದ ಬಗ್ಗೆ ಮನೆಯಲ್ಲಿ ತಯಾರಿಸಿಕೊಂಡು ಬಂದ ಭಾಷಣ ಬಿಚ್ಚುತ್ತಾರೆ. ಮಾತೇನೋ ಸರಿಯೇ ಇರುತ್ತದೆ. ಆದರೆ ವಾಲಿ ಕೇಳಿದ್ದು 'ಮರೆಯಲ್ಲಿ ನಿಂತು ಯಾಕೆ' ಅಂತ, ಆ ಒಂದು ಶಬ್ದಕ್ಕೆ ಉತ್ತರವೇ ಬಂದಿರುವುದಿಲ್ಲ. ಸಭೆಯಲ್ಲಿ ಕೂತ ಅಜ್ಜಂದಿರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಪಳಗಿದವರು ಹಾಗಲ್ಲ. ಮೊದಲು ವಾಲಿಯ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾರೆ: ಮರೆಯಲ್ಲಿ ನಿಂತದ್ದು ಹೌದು, ನೀನು ಕೇಳಿದ್ದರಲ್ಲಿ ತಪ್ಪಿಲ್ಲ, ಬಿದ್ದವನಿಗೆ ಕೇಳುವ ಹಕ್ಕಿದೆ. ಅಲ್ಲಿಗೆ ಸಭೆಯೂ ಸಮಾಧಾನವಾಗಿ ಕೂರುತ್ತದೆ, ತನಗೆ ಮುಂದಿನ ಮಾತು ಹೊಂದಿಸಲು ನಾಲ್ಕು ಉಸಿರಿನ ಹೊತ್ತೂ ಸಿಗುತ್ತದೆ. ಆಮೇಲೆ ತಮ್ಮನ ಹೆಂಡತಿಯ ವಿಷಯ, ರಾಜಧರ್ಮದ ವಿಷಯ, ಯಾವುದು ಬೇಕೋ ಅದು.

ಈಗ ಇದನ್ನು ನಿಮ್ಮ ಕಾಲ್‌ಗೆ ತನ್ನಿ. 'ಡೆಲಿವರಿ ಎರಡು ವಾರ ತಡ ಆಗಿದೆ, ನಮಗೆ ಮೊದಲೇ ಯಾಕೆ ಹೇಳಲಿಲ್ಲ?' ಅಂತ ಕ್ಲೈಂಟ್ ಕೇಳುತ್ತಾರೆ. ನಿಮ್ಮ ಹತ್ತಿರ ತಡ ಯಾಕೆ ಆಯಿತು ಅನ್ನುವುದಕ್ಕೆ ಸ್ಲೈಡ್ ಇದೆ, ನೀವು ಅದಕ್ಕೆ ಓಡುತ್ತೀರಿ. ಅವರು ಕೇಳಿದ್ದು 'ಮೊದಲೇ ಯಾಕೆ ಹೇಳಲಿಲ್ಲ' ಅಂತ. ಹಾಗಾಗಿ ಅವರು ಮತ್ತೆ ಕೇಳುತ್ತಾರೆ, ಸ್ವಲ್ಪ ಗಟ್ಟಿಯಾಗಿ. ಆಗ ನಿಮ್ಮ ತಲೆ ಖಾಲಿ. ನನಗೆ ಅನ್ನಿಸುವ ಪ್ರಕಾರ ನಿಮ್ಮ ತೊಂದರೆ ಇರುವುದು ಬಾಯಲ್ಲಿ ಅಲ್ಲ ಮಾರಾಯ್ರೆ, ಕಿವಿಯಲ್ಲಿ. ಪ್ರಶ್ನೆ ಅರ್ಧ ಆಗುವಾಗಲೇ ನೀವು ಒಳಗೆ ಉತ್ತರ ಕಟ್ಟಲು ಶುರು ಮಾಡುತ್ತೀರಿ, ಕಟ್ಟಿದ್ದನ್ನು ಕೂಡಲೇ 'ಇದು ಸರಿ ಇಲ್ಲ' ಅಂತ ಕೆಡವುತ್ತೀರಿ, ಈ ಗಲಾಟೆಯಲ್ಲಿ ಪ್ರಶ್ನೆಯ ಬಾಲ ತಪ್ಪಿಹೋಗುತ್ತದೆ. ಪೂರ್ತಿ ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು?

ಅದಕ್ಕೆ ಮೊದಲ ಆಟ. ಎದುರಿನವರ ವಾಕ್ಯದ ಕೊನೆಯ ಶಬ್ದದಿಂದಲೇ ನಿಮ್ಮ ವಾಕ್ಯ ಶುರು ಆಗಬೇಕು. ಸಂಜೆ ಚಾ ಕುಡಿಯುವಾಗ ತಂಗಿಯ ಜೊತೆಯೋ ಹೆಂಡತಿಯ ಜೊತೆಯೋ ಆಡಿ. ಅವರು 'ಇವತ್ತು ಸ್ಟೇಟ್ ಬ್ಯಾಂಕ್ ಹತ್ತಿರ ಎಂಥ ಟ್ರಾಫಿಕ್' ಅಂದರೆ ನೀವು 'ಟ್ರಾಫಿಕ್ ಇದ್ದದ್ದಕ್ಕೇ ನಾನು ಪಂಪ್‌ವೆಲ್ ಕಡೆಯಿಂದ ಬಂದೆ' ಅನ್ನಬೇಕು. ಅವರು ಮತ್ತೆ 'ಬಂದೆ'ಯಿಂದ ಶುರು. ಕೇಳಲು ಚಿಕ್ಕ ಮಕ್ಕಳ ಆಟ. ಆಡಿ ನೋಡಿ, ಅವರು ಬಾಯಿ ಮುಚ್ಚುವ ತನಕ ನಿಮಗೆ ಉತ್ತರ ತಯಾರಿಸಲು ಆಗುವುದೇ ಇಲ್ಲ, ಯಾಕಂದರೆ ಕೊನೆಯ ಶಬ್ದ ಯಾವುದು ಅಂತ ಗೊತ್ತಿಲ್ಲ. ಬೇಕಾದದ್ದೂ ಅದೇ. ಮೊದಮೊದಲು ನಡುವೆ ಸಣ್ಣ ಮೌನ ಬರುತ್ತದೆ. ಅದನ್ನು ತುಂಬಿಸಲು ಹೋಗಬೇಡಿ. ಆ ಮೌನ ನಿಮಗೆ ಒಂದು ಯುಗ ಅನ್ನಿಸುತ್ತದೆ, ಕೇಳುವವರಿಗೆ 'ಯೋಚನೆ ಮಾಡಿ ಮಾತಾಡುವ ಮನುಷ್ಯ' ಅಂತ ಕಾಣುತ್ತದೆ.

ತಾಳಮದ್ದಳೆಗೆ ಹೋದರೆ ಇನ್ನೊಂದು ಕೆಲಸ ಮಾಡಿ. ಮಾತಾಡುತ್ತಿರುವವರನ್ನು ಬಿಟ್ಟು ಎದುರು ಸುಮ್ಮನೆ ಕೂತವರ ಮುಖ ನೋಡಿ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ಧ್ವನಿಮುದ್ರಣಗಳು ಸಿಗುತ್ತವೆ, ಅವರು 2006ರಲ್ಲಿ ತೀರಿಕೊಂಡರು. ಅದರಲ್ಲಿ ಮುಖ ಕಾಣುವುದಿಲ್ಲ, ಆದರೂ ಅವರ ಉತ್ತರ ಎದುರಿನವರ ಯಾವ ಶಬ್ದವನ್ನು ಹಿಡಿದು ಮೇಲೆ ಬಂತು ಅಂತ ಹುಡುಕಿ. ಹುಡುಕಿದರೆ ಸಿಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ಕಡೆ ತಾಳಮದ್ದಳೆಯಲ್ಲಿ ಎದುರಿನವರನ್ನು ಮಾತಿನಲ್ಲಿ ಕಟ್ಟಿಹಾಕಿ ಚಪ್ಪಾಳೆ ತೆಗೆದುಕೊಳ್ಳುವ ಚಟವೂ ಉಂಟು, ಸಭೆಗೂ ಅದು ಇಷ್ಟ. ಅದನ್ನು ಆಫೀಸಿಗೆ ತರಬೇಡಿ. ಪ್ರತಿ ಮೀಟಿಂಗ್ ಗೆಲ್ಲುವವರು ಎಲ್ಲ ಆಫೀಸಿನಲ್ಲೂ ಒಬ್ಬರಿರುತ್ತಾರೆ, ಅವರ ಜೊತೆ ಕೆಲಸ ಮಾಡಲು ಯಾರಿಗೂ ಮನಸ್ಸಿರುವುದಿಲ್ಲ. ಇಂಪ್ರೊವ್‌ನಲ್ಲಿ ಗೆಲ್ಲುವುದು ಅಂತ ಇಲ್ಲ. ಜೊತೆಯವರು ಚೆನ್ನಾಗಿ ಕಂಡರೆ ನೀವು ಚೆನ್ನಾಗಿ ಆಡಿದಿರಿ ಅಂತ ಲೆಕ್ಕ.

ಶಿಬಿರದಲ್ಲಿ ನಿಮಗೆ ಖಂಡಿತ ಹೇಳಿಕೊಡುವ ಸೂತ್ರ 'ಹೌದು, ಮತ್ತೆ'. ಎದುರಿನವರು ಒಂದು ಸಂಗತಿ ಇಟ್ಟರೆ ಅದನ್ನು ಒಪ್ಪಿಕೊಂಡು ನಿಮ್ಮದೊಂದನ್ನು ಸೇರಿಸಬೇಕು. ವೇದಿಕೆಯಲ್ಲಿ ಇದು ಸುಲಭ. ಆಫೀಸಿಗೆ ಬಂದಾಗ ಜನ ಇದನ್ನು ತಪ್ಪು ತಿಳಿಯುತ್ತಾರೆ, ಎಲ್ಲದಕ್ಕೂ ತಲೆ ಆಡಿಸುವುದು ಅಂತ. ನಿಮ್ಮ ಟೀಮಿನ ಹುಡುಗಿ ಹೀಗೆ ಹೇಳಿದಳು ಅಂತ ಇಟ್ಟುಕೊಳ್ಳಿ:

'ಈ ಸಲ ಟೆಸ್ಟಿಂಗ್‌ಗೆ ಎರಡು ದಿನ ಜಾಸ್ತಿ ಬೇಕು ಸರ್.'

'ಹೌದು, ಆದ್ರೆ ಕ್ಲೈಂಟ್ ಒಪ್ಪುವುದಿಲ್ಲ.'

ಮಾತು ಅಲ್ಲಿಗೆ ಸತ್ತಿತು. ಅವಳು ಮುಂದಿನ ಸಲ ಹೇಳುವುದೂ ಇಲ್ಲ, ಸುಮ್ನೆ ರಾತ್ರಿ ಕೂತು ಅರ್ಧಂಬರ್ಧ ಮುಗಿಸುತ್ತಾಳೆ. ಬದಲಿಗೆ ಹೀಗೆ:

'ಎರಡು ದಿನ ಜಾಸ್ತಿ ಬೇಕು. ಸರಿ, ಯಾವ ಭಾಗಕ್ಕೆ ಹೊತ್ತು ಹಿಡಿಯುವುದು?'

'ಪೇಮೆಂಟ್ ಭಾಗಕ್ಕೆ ಸರ್. ಉಳಿದದ್ದು ಆಗಿದೆ.'

'ಹಾಗಾದರೆ ಉಳಿದದ್ದನ್ನು ಶುಕ್ರವಾರ ಕಳಿಸುವ, ಪೇಮೆಂಟ್ ಸೋಮವಾರ ಅಂತ ನಾನು ಅವರಿಗೆ ಹೇಳುತ್ತೇನೆ.'

ಇಲ್ಲಿ ನೀವು ಎರಡು ದಿನ ಬಿಟ್ಟುಕೊಟ್ಟಿಲ್ಲ. ಅವಳಿಗೆ ಕಂಡ ಸಂಗತಿಯನ್ನು ಒಪ್ಪಿಕೊಂಡಿರಿ, ಅಷ್ಟೇ. ಅದರ ಮೇಲೆ ಇಬ್ಬರೂ ಸೇರಿ ಏನೋ ಕಟ್ಟಿದಿರಿ. ಹಾಗಂತ ಯಾರಾದರೂ ಬಂದು 'ಪ್ರೊಡಕ್ಷನ್ ಡೇಟಾಬೇಸ್ ಅಳಿಸುವಾ' ಅಂದರೆ 'ಹೌದು, ಮತ್ತೆ ಬ್ಯಾಕಪ್ಪನ್ನೂ ಅಳಿಸುವಾ' ಅನ್ನಲಿಕ್ಕಿಲ್ಲ. ಬೇಡ ಅನ್ನಬೇಕಾದಲ್ಲಿ ಬೇಡ ಅನ್ನಿ. ಹೊಸ ಯೋಚನೆ ಹುಡುಕುವ ಮೀಟಿಂಗಿಗೆ ಈ ಸೂತ್ರ ಹೊಂದುತ್ತದೆ, ತಪ್ಪು ಹುಡುಕುವ ರಿವ್ಯೂಗೆ ಹೊಂದುವುದಿಲ್ಲ. ಕೆಲವು ತರಬೇತುದಾರರು ಇದನ್ನು ಹೇಳುವುದೇ ಇಲ್ಲ. ಆಮೇಲೆ ಎರಡು ವಾರ ಇಡೀ ಆಫೀಸು ಒಬ್ಬರಿಗೊಬ್ಬರು ಸುಳ್ಳು ಸುಳ್ಳೇ ಹೌದು ಅನ್ನುತ್ತಾ ತಿರುಗುತ್ತದೆ.

ನಿಮಗೆ ಜಾಸ್ತಿ ಕೆಲಸಕ್ಕೆ ಬರುವ ಇನ್ನೊಂದು ಸಂಗತಿ ಕೀತ್ ಜಾನ್‌ಸ್ಟನ್ ಅವರದ್ದು. ಲಂಡನ್‌ನ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿದ್ದವರು, ಆಮೇಲೆ ಕೆನಡಾದ ಕ್ಯಾಲ್ಗರಿಗೆ ಹೋಗಿ 1977ರಲ್ಲಿ ಲೂಸ್ ಮೂಸ್ ಅನ್ನುವ ತಂಡ ಕಟ್ಟಿದರು. ಅವರು ಗಮನಿಸಿದ್ದು ಇಷ್ಟು: ಇಬ್ಬರು ಮಾತಾಡುವಾಗ ಪ್ರತಿ ಗಳಿಗೆಯೂ ಒಬ್ಬರು ಸ್ವಲ್ಪ ಮೇಲೆ, ಒಬ್ಬರು ಸ್ವಲ್ಪ ಕೆಳಗೆ ಇರುತ್ತಾರೆ. ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದು ಮೈಯಲ್ಲಿ ಕಾಣುತ್ತದೆ. ಮಾತಾಡುವಾಗ ತಲೆ ಅಲ್ಲಾಡದೆ ಇದ್ದರೆ ಮೇಲೆ. ಪದೇ ಪದೇ ಮುಖ ಮುಟ್ಟಿಕೊಂಡರೆ, ಕಣ್ಣು ತಪ್ಪಿಸಿ ಮತ್ತೆ ಕದ್ದು ನೋಡಿದರೆ ಕೆಳಗೆ. ನಮ್ಮ ಮೀಟಿಂಗುಗಳಲ್ಲಿ 'ಸಾರಿ ಸರ್, ಒಂದು ಸಣ್ಣ ಡೌಟು, ತಪ್ಪಿದ್ರೆ ಹೇಳಿ ಸರ್' ಅಂತ ಶುರು ಮಾಡುತ್ತಾರಲ್ಲ, ಅಷ್ಟು ಇಳಿದ ಮೇಲೆ ಒಳ್ಳೆಯ ಪ್ರಶ್ನೆ ಕೇಳಿದರೂ ಯಾರೂ ತಲೆ ಎತ್ತುವುದಿಲ್ಲ. ಒಂದು ದಿನ ಬರೇ ತಲೆ ಅಲ್ಲಾಡಿಸದೆ ಮಾತಾಡಿ ನೋಡಿ, ಧ್ವನಿಯೇ ಬೇರೆ ಬರುತ್ತದೆ.

ಇಲ್ಲಿ ಒಂದು ತಿರುವು ಉಂಟು. ನೀವೀಗ ಲೀಡ್, ಯಾವಾಗಲೂ ಮೇಲೆಯೇ ಕೂತರೆ ಕೆಲಸ ಕೆಡುತ್ತದೆ. ಕುರ್ಚಿ ಹಿಂದೆ ಬಾಗಿಸಿ, ಎರಡೂ ಕೈ ತಲೆಯ ಹಿಂದೆ ಕಟ್ಟಿ 'ಏನು ಪ್ರಾಬ್ಲಮ್?' ಅಂತ ಕೇಳಿದರೆ ಯಾವ ಹೊಸ ಹುಡುಗನೂ ತಾನು ಮಾಡಿದ ಬಗ್ ಬಾಯಿ ಬಿಡುವುದಿಲ್ಲ. ಅವನ ಟೇಬಲಿನ ಹತ್ತಿರ ಹೋಗಿ, ಪಕ್ಕದಲ್ಲಿ ಕೂತು ಸ್ಕ್ರೀನ್ ನೋಡುತ್ತಾ ಕೇಳಿ. ಬೇಕಾದಾಗ ಏರುವುದು, ಬೇಕಾದಾಗ ಇಳಿಯುವುದು, ಎರಡನ್ನೂ ಆಟದಲ್ಲಿ ಕಲಿಸುತ್ತಾರೆ. ಶಿಬಿರದಲ್ಲಿ ಈ ಭಾಗ ಇಲ್ಲದಿದ್ದರೆ ನೀವೇ ಕೇಳಿ ಮಾಡಿಸಿ.

ಇದೆಲ್ಲ ಪರೀಕ್ಷೆ ಮಾಡಿ ನೋಡಿದ್ದಾರಾ ಅಂತ ಇಂಜಿನಿಯರುಗಳು ಕೇಳಿಯೇ ಕೇಳುತ್ತಾರೆ. ನೋಡಿದ್ದಾರೆ, ಸ್ವಲ್ಪ. ಪೀಟರ್ ಫೆಲ್ಸ್‌ಮನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ 20 ನಿಮಿಷ ಇಂಪ್ರೊವ್ ಆಡಿಸಿದರು, ಇನ್ನೊಂದಕ್ಕೆ ಅದೇ ರೀತಿಯ ಆದರೆ ಮೊದಲೇ ಬರೆದಿಟ್ಟ ಮಾತಿನ ಅಭ್ಯಾಸ ಕೊಟ್ಟರು. ಇಂಪ್ರೊವ್ ಆಡಿದವರಲ್ಲಿ ಮುಂದೇನು ಅಂತ ಗೊತ್ತಿಲ್ಲದ ಸ್ಥಿತಿಯನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚು ಕಂಡಿತು. ನಿಮ್ಮ ತೊಂದರೆಯೂ ಅದೇ ಅಲ್ವಾ. ಚಾರ್ಲ್ಸ್ ಲಿಂಬ್, ಆಲನ್ ಬ್ರಾನ್ ಅವರು 2008ರಲ್ಲಿ ಜಾಝ್ ಪಿಯಾನೊ ನುಡಿಸುವವರನ್ನು ಸ್ಕ್ಯಾನರ್‌ನೊಳಗೆ ಮಲಗಿಸಿ ನುಡಿಸಿದ್ದರು. ಮನಸ್ಸಿಗೆ ಬಂದದ್ದನ್ನು ಆಗಲೇ ಕಟ್ಟಿ ನುಡಿಸುವಾಗ, ತನ್ನನ್ನು ತಾನೇ ಕಾಯುವ ಕೆಲಸಕ್ಕೆ ಸಂಬಂಧಿಸಿದ ಮಿದುಳಿನ ಭಾಗ ತಣ್ಣಗಾಗಿತ್ತು. ಇದನ್ನು ತರಬೇತುದಾರರು ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಾರೆ. ಇದ್ದದ್ದು ಆರೇ ಜನ, ಅದೂ ಸಂಗೀತಗಾರರು. ಇದನ್ನು ಮೀಟಿಂಗಿಗೆ ಎಳೆಯುವುದು ಸ್ವಲ್ಪ ಜಾಸ್ತಿಯೇ ಆಯಿತು.

ಡಿಸೆಂಬರ್ ಭಾಷಣಕ್ಕೆ ಬರುತ್ತೇನೆ. ಬಾಯಿಪಾಠ ಮಾಡಬೇಡಿ. ಬಾಯಿಪಾಠದಲ್ಲಿ ಒಂದು ವಾಕ್ಯ ಜಾರಿದರೆ ಉಳಿದದ್ದೆಲ್ಲ ಅದರ ಹಿಂದೆ ಜಾರುತ್ತದೆ. ಪ್ರಸಂಗದ ಹಾಗೆ ಪದ್ಯ ಮಾತ್ರ ಇಟ್ಟುಕೊಳ್ಳಿ. ಅಂದರೆ ಐದಾರು ನಿಲ್ದಾಣ: ಪ್ರಾಜೆಕ್ಟ್ ಯಾರಿಗಾಗಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಯಾರು ಬಿಡಿಸಿದರು, ಈಗ ಎಲ್ಲಿದ್ದೀರಿ, ಮುಂದೆ ಏನು. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಗಟ್ಟಿ ಇರಲಿ, ನಡುವಿನ ಅರ್ಥ ಪ್ರತಿ ಸಲವೂ ಬೇರೆ ಶಬ್ದಗಳಲ್ಲಿ ಬರಲಿ. ಅಭ್ಯಾಸ ಮಾಡುವಾಗ ಗೆಳೆಯರೊಬ್ಬರನ್ನು ಎದುರು ಕೂರಿಸಿ, ಎಲ್ಲಿ ಬೇಕಾದರೂ ಕೈ ಎತ್ತಿ ಅಡ್ಡ ಪ್ರಶ್ನೆ ಹಾಕಲು ಹೇಳಿ. ಉತ್ತರ ಕೊಟ್ಟು ಬಿಟ್ಟಲ್ಲಿಗೆ ವಾಪಸ್ ಬರುವುದನ್ನು ಕಲಿಯಬೇಕು, ಭಾಷಣ ಹೇಳುವುದನ್ನಲ್ಲ. ಇನ್ನೂ ಧೈರ್ಯ ಬಂದರೆ ನೀವು ನೋಡಿಯೇ ಇರದ ಸ್ಲೈಡ್‌ಗಳನ್ನು ಅವರು ಹಾಕಲಿ, ಅದಕ್ಕೆ ನೀವು ಮಾತು ಕೊಡಿ. ಭತ್ತದ ಗದ್ದೆಯ ಫೋಟೊ ಬಂದರೂ ಅದನ್ನು ನಿಮ್ಮ ಸರ್ವರ್‌ಗೆ ಹೊಂದಿಸಬೇಕು. ಇದರಲ್ಲಿ ನಗು ಬರುತ್ತದೆ, ಬರಲಿ.

ಆ ದಿನ ಮೈಕ್ ಕೀಂಯ್ ಅಂದರೆ, ಪ್ರೊಜೆಕ್ಟರ್ ಕೈಕೊಟ್ಟರೆ, ಏನೂ ಆಗದ ಹಾಗೆ ನಟಿಸಬೇಡಿ. ಎಲ್ಲರೂ ನೋಡಿದ್ದಾರೆ. 'ಮೈಕಿಗೂ ನಮ್ಮ ಡೆಡ್‌ಲೈನ್ ನೆನಪಾಯಿತು ಅಂತ ಕಾಣುತ್ತದೆ' ಅಂತ ಒಂದು ಮಾತು ಹೇಳಿ ಮುಂದೆ ಹೋಗಿ. ಅದು ಹೊಳೆಯದಿದ್ದರೆ 'ಮೈಕ್ ಸರಿ ಆಗುವ ತನಕ ನಿಲ್ಲುತ್ತೇನೆ' ಅಂದರೂ ಸಾಕು, ನಿಜವಾಗಿ ನಿಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಭೆ ನಿಮ್ಮ ಕಡೆ ಆಗುತ್ತದೆ.

ಮಂಗನ ಹಾಗೆ ಕುಣಿಸುವ ವಿಷಯ. ನಿಮ್ಮ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ, ಅಂಥ ಶಿಬಿರಗಳೂ ಇವೆ. ಎಚ್‌ಆರ್ ಹತ್ತಿರ ಮೊದಲೇ ಕೇಳಿಬಿಡಿ: ಬೇಡ ಅನ್ನಿಸಿದ ಆಟದಿಂದ ಹೊರಗೆ ಕೂರಬಹುದಾ, ವಿಡಿಯೊ ಮಾಡುತ್ತಾರಾ, ಮ್ಯಾನೇಜರುಗಳು ಜೊತೆಗೆ ಆಡುತ್ತಾರಾ ಅಥವಾ ಗೋಡೆಗೆ ಒರಗಿ ನೋಡುತ್ತಾರಾ ಅಂತ. ನೋಡುವುದಾದರೆ ಅವರು ಬರುವುದೇ ಬೇಡ. ಆಟ ಮೊದಲು ಇಬ್ಬಿಬ್ಬರಲ್ಲಿ, ಎಲ್ಲರೂ ಒಟ್ಟಿಗೆ ಆಡುವ ಹಾಗೆ ಇರಬೇಕು, ಆಗ ಯಾರನ್ನೂ ಯಾರೂ ನೋಡುತ್ತಿರುವುದಿಲ್ಲ. ಮೊದಲ ಗಂಟೆಯಲ್ಲೇ ಒಬ್ಬೊಬ್ಬರನ್ನು ನಡುವೆ ನಿಲ್ಲಿಸಿ 'ನಗಿಸಿ' ಅನ್ನುವ ತರಬೇತುದಾರರಿಗೆ ಈ ಕೆಲಸ ಗೊತ್ತಿಲ್ಲ ಅಂತಲೇ ತಿಳಿಯಿರಿ. ಮತ್ತೆ, ಎರಡು ದಿನ ಆಡಿ ಬಿಟ್ಟರೆ ಒಂದು ತಿಂಗಳಲ್ಲಿ ಮರೆತುಹೋಗುತ್ತದೆ. ವಾರಕ್ಕೊಮ್ಮೆ ಟೀಮಿನ ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ ಹತ್ತು ನಿಮಿಷ ಟೀಮಿನವರೇ ಆಡಿಕೊಳ್ಳಬಹುದು. ಮಾತಾಡುವಾಗ ಎದೆ ಹೊಡೆದುಕೊಂಡು ಬೆವರಿ ಉಸಿರೇ ಸಿಗದಷ್ಟು ಆಗುವುದಿದ್ದರೆ ಡಾಕ್ಟರನ್ನು ನೋಡಿ, ತೊದಲು ಇದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಮಂಗಳೂರು, ಮಣಿಪಾಲ ಎರಡೂ ಕಡೆ ಅದಕ್ಕೆ ಒಳ್ಳೆಯ ವಿಭಾಗಗಳಿವೆ. ಆಟ ಅದಕ್ಕೆ ಮದ್ದಲ್ಲ.

ಕೊನೆಗೆ ಭಾಷೆ. ಕಾರಣ ಅದೂ ಹೌದು, ಆದರೆ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ತುಳುವಿನಲ್ಲಿ ಯಾರಾದರೂ ಕಾಲೆಳೆದರೆ ನಿಮಗೆ ಕೂಡಲೇ ಉತ್ತರ ಬರುತ್ತದಲ್ಲ? ಹಾಗಾದರೆ ಆ ಶಕ್ತಿ ಇದೆ, ಇಂಗ್ಲಿಷ್‌ನಲ್ಲಿ ವ್ಯಾಕರಣ ಕಾಯುವ ಒಬ್ಬ ಪೊಲೀಸ್ ಒಳಗೆ ನಿಂತಿರುವುದರಿಂದ ಹೊರಗೆ ಬರುತ್ತಿಲ್ಲ. ಹಾಗಾಗಿ ಎಲ್ಲ ಆಟಗಳನ್ನೂ ಮೊದಲು ತುಳುವಿನಲ್ಲಿ ಆಡಿ. ಆಮೇಲೆ ಸ್ಪೋಲಿನ್ ಅವರ ಒಂದು ಆಟ ಉಂಟು, ಯಾವ ಭಾಷೆಯೂ ಅಲ್ಲದ ಬರೇ ಸದ್ದಿನಲ್ಲಿ ಮಾತಾಡುವುದು: ಚೌಕಾಸಿ ಮಾಡಿ, ದಾರಿ ಹೇಳಿ, ಜಗಳ ಮಾಡಿ, ಎಲ್ಲ ಅರ್ಥವಿಲ್ಲದ ಶಬ್ದಗಳಲ್ಲೇ. ಎದುರಿನವರಿಗೆ ವಿಷಯ ಮುಟ್ಟುತ್ತದೆ. ಅಷ್ಟು ಆದ ಮೇಲೆ ಅದೇ ಆಟ ಇಂಗ್ಲಿಷ್‌ನಲ್ಲಿ ಆಡಿ, ಆಟದಲ್ಲಿ ವ್ಯಾಕರಣ ತಪ್ಪಿದರೆ ತಿದ್ದಬಾರದು ಅಂತ ಮೊದಲೇ ಕರಾರು ಮಾಡಿಕೊಳ್ಳಿ. ಸದ್ಯಕ್ಕೆ ಸೋಮವಾರದ ಕಾಲ್‌ಗೆ ಒಂದೇ ಒಂದು ಇಂಗ್ಲಿಷ್ ವಾಕ್ಯ ನಾಲಿಗೆ ತುದಿಯಲ್ಲಿ ಇರಲಿ, 'ನೀವು ಕೇಳಿದ್ದು ಇದೇ ಅಲ್ವಾ' ಅನ್ನುವ ಅರ್ಥದ್ದು. ಅವರ ಪ್ರಶ್ನೆಯನ್ನು ನಿಮ್ಮ ಶಬ್ದಗಳಲ್ಲಿ ಒಮ್ಮೆ ಹೇಳಿ, ಅವರು ಹೌದು ಅನ್ನುವ ತನಕ ಕಾಯಿರಿ. ಉತ್ತರ ಆಮೇಲೆ ಕೊಡಿ.